ಕಲ್ಲಿನ ಬಳಿ ನಿಂತುಹೋದ ಗೆರೆ

ನಕ್ಷೆ ಬಿಡಿಸುವುದು ನನ್ನ ಕೆಲಸ. ಹೊಸದಾಗಿ ಸೇರಿದ ಹುಡುಗನೊಬ್ಬ ಒಮ್ಮೆ ಹಳೇ ನಕ್ಷೆ ತಂದು, "ಸಾರ್, ಇಲ್ಲಿ ಗಡಿಗೆರೆ ಬಿಟ್ಟುಹೋಗಿದೆ" ಅಂದ. ಬಿಟ್ಟುಹೋಗಿರಲಿಲ್ಲ, ಬೇಕಂತಲೇ ಬಿಟ್ಟಿದ್ದರು.

ಜಾಗ ಕೆನಡಾದ ಎಲ್ಸ್‌ಮಿಯರ್ ದ್ವೀಪಕ್ಕೂ ಗ್ರೀನ್‌ಲ್ಯಾಂಡಿಗೂ ನಡುವಿನ ನೇರ್ಸ್ ಜಲಸಂಧಿ. ಗ್ರೀನ್‌ಲ್ಯಾಂಡ್ ಡೆನ್ಮಾರ್ಕಿಗೆ ಸೇರಿದ್ದು. ಕೆನಡಾ, ಡೆನ್ಮಾರ್ಕ್ 1973ರಲ್ಲಿ ಒಪ್ಪಿಕೊಂಡ ಗೆರೆ ದಕ್ಷಿಣದಿಂದ ಬಂದು ಜಲಸಂಧಿಯ ನಡುವಿನ ಹ್ಯಾನ್ಸ್ ದ್ವೀಪದ ದಡದಲ್ಲಿ ನಿಲ್ಲುತ್ತಿತ್ತು. ಆಚೆ ದಡದಿಂದ ಮತ್ತೆ ಶುರು. ನಡುವೆ ಒಂದು ಕಿಲೋಮೀಟರಿಗೂ ಕಡಿಮೆ ಖಾಲಿ ಜಾಗ. ದ್ವೀಪ ಎರಡೂ ಕಡೆಯ ಕರಾವಳಿಗಳಿಂದ ಸುಮಾರು 18 ಕಿ.ಮೀ. ದೂರ. ಕರಾವಳಿಯಿಂದ 12 ನಾಟಿಕಲ್ ಮೈಲಿ, ಅಂದರೆ 22 ಕಿ.ಮೀ. ತನಕ ನಮ್ಮದು ಅನ್ನುವ ಲೆಕ್ಕ ಹಿಡಿದರೆ ಇದು ಇಬ್ಬರದ್ದೂ ಆಗುತ್ತದೆ. ಜಗಳ ಬರದೆ ಇರುತ್ತದಾ?

1984ರಲ್ಲಿ ಡೆನ್ಮಾರ್ಕಿನ ಸಚಿವರೊಬ್ಬರು ದ್ವೀಪದ ಮೇಲೆ ಬಾವುಟ ನೆಟ್ಟು ಮದ್ಯದ ಬಾಟಲಿಯೊಂದನ್ನು ಇಟ್ಟು ಬಂದರು. ಕೆನಡಾದವರೂ ವಿಸ್ಕಿ ಇಟ್ಟರು. ಆ ಕಥೆ ಎಲ್ಲರೂ ಹೇಳುತ್ತಾರೆ, ಬಿಡಿ.

ನನಗೆ ಆ ಕಲ್ಲೇ ಇಷ್ಟ. ಸುಮಾರು 1.3 ಚದರ ಕಿ.ಮೀ. ಬೋಳು ಬಂಡೆ. ಮರವಿಲ್ಲ, ಮಣ್ಣು ಇಲ್ಲವೆನ್ನುವಷ್ಟು ಕಡಿಮೆ, ಜನ ಯಾವತ್ತೂ ನೆಲೆಸಿಲ್ಲ. ಆದರೂ ಆ ಕಡೆಯ ಮೂಲನಿವಾಸಿಗಳಾದ ಇನುಯಿಟ್ ಜನರಿಗೆ ಅದು ಗೊತ್ತಿತ್ತು. ಅವರು ಇಟ್ಟ ಹೆಸರು ತಾರ್ತುಪಾಲುಕ್. ಆಕಾರ ಕಿಡ್ನಿಯಂತಿದೆ ಅಂತ ಆ ಹೆಸರು. ಬೇಟೆಯಾಡಿದ ಪ್ರಾಣಿಯನ್ನು ದಿನವೂ ಕೊಯ್ಯುವವರಿಗೆ ಹೊಳೆಯುವ ಹೋಲಿಕೆ ಅದು, ಅಲ್ವಾ? 'ಹ್ಯಾನ್ಸ್' ಕೂಡ ಯುರೋಪಿನವನಲ್ಲ. 19ನೇ ಶತಮಾನದ ಧ್ರುವಯಾತ್ರೆಗಳಲ್ಲಿ ದುಡಿದ ಗ್ರೀನ್‌ಲ್ಯಾಂಡಿನ ಹ್ಯಾನ್ಸ್ ಹೆಂಡ್ರಿಕ್.

ಇದನ್ನು ಫೋನಿನ ನಕ್ಷೆಯಲ್ಲಿ ಹುಡುಕಿದರೆ ಮೋಸ ಹೋಗಬೇಡಿ. ಅಲ್ಲಿ ಸಾಮಾನ್ಯವಾಗಿ ಬಳಸುವ ಮರ್ಕೇಟರ್ ವಿಧಾನ, ಅಂದರೆ ಗುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಒಂದು ಲೆಕ್ಕ, ಧ್ರುವದ ಕಡೆಯ ನೆಲವನ್ನು ಹಿಗ್ಗಿಸುತ್ತದೆ. ಈ ದ್ವೀಪ ಇರುವ ಸುಮಾರು 81 ಡಿಗ್ರಿ ಉತ್ತರದಲ್ಲಿ ಉದ್ದ ಆರು ಪಟ್ಟಿಗಿಂತ ಜಾಸ್ತಿ ಕಾಣುತ್ತದೆ. ವಿಸ್ತೀರ್ಣ ಹತ್ತಿರ ಹತ್ತಿರ ನಲವತ್ತು ಪಟ್ಟು!

2022ರ ಜೂನ್ 14ರಂದು ಇಬ್ಬರೂ ರಾಜಿಯಾದರು. ದ್ವೀಪದಲ್ಲಿ ಉತ್ತರ-ದಕ್ಷಿಣವಾಗಿ ಹೋಗುವ ಬಿರುಕನ್ನೇ ಗಡಿ ಮಾಡಿಕೊಂಡರು. ಕಾಗದದ ಮೇಲೆ ನೇರ ಗೆರೆ ಎಳೆಯದೆ ಕಲ್ಲು ಎಲ್ಲಿ ಸೀಳಿದೆಯೋ ಅಲ್ಲೇ ಹಂಚಿಕೊಂಡದ್ದು ನನಗೆ ಹಿಡಿಸಿತು. ಪಶ್ಚಿಮದ ಪಾಲು ಕೆನಡಾಕ್ಕೆ, ಪೂರ್ವದ್ದು ಗ್ರೀನ್‌ಲ್ಯಾಂಡಿಗೆ.

ಈಗ ಗೆರೆ ತುಂಬಬೇಕಾದವರು ನಾವು. ಹತ್ತು ಲಕ್ಷಕ್ಕೆ ಒಂದರ ಸ್ಕೇಲಿನಲ್ಲಿ (ನೆಲದ ಒಂದು ಕಿ.ಮೀ. ನಕ್ಷೆಯಲ್ಲಿ ಒಂದು ಮಿ.ಮೀ.) ಇಡೀ ದ್ವೀಪ ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ನಾನು ಹಾಕುವ ಗಡಿಗೆರೆಯ ದಪ್ಪ 0.2 ಮಿ.ಮೀ. ಅಂದರೆ ನೆಲದ ಮೇಲೆ 200 ಮೀಟರ್ ಗೆರೆಯ ಕೆಳಗೇ ಮುಚ್ಚಿಹೋಗುತ್ತದೆ.