‘ಬಿಡುಗಡೆಯಾದವನು’ ಯಾರು? ಜರ್ಮನ್ ಪದಕಪತ್ರಗಳ ಪದಗೊಂದಲ

ಅಂಚು ಹಳದಿಗಟ್ಟಿದ ಒಂದು ಸಣ್ಣ ಹಾಳೆ. ತಲೆಯ ಮೇಲೆ ‘ಬೆಸಿಟ್ಸ್‌ತ್ಸಾಯ್ಗ್ನಿಸ್’ ಎಂಬ ದಪ್ಪಕ್ಷರ, ನಡುವೆ ಟೈಪು ಮಾಡಿದ ಹೆಸರು, ದರ್ಜೆ, ತುಕಡಿ, ಕೆಳಗೆ ದುಂಡು ಮೊಹರು ಮತ್ತು ಗೀಚಿದ ಸಹಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನಿಕನಿಗೆ ಬ್ಯಾಡ್ಜಿನ ಜೊತೆ ಕೊಡುತ್ತಿದ್ದ ಪತ್ರ ಇದು. ನಿಘಂಟು ನೋಡಿ ಅನುವಾದಿಸಿದರೆ ‘ಸ್ವಾಧೀನಪತ್ರ’ ಆಗುತ್ತದೆ. ಸೈಟು ಕೊಂಡವರ ಕಾಗದದಂತೆ ಕೇಳಿಸುತ್ತದೆ. ಬ್ಯಾಡ್ಜ್ ಧರಿಸಲು ಇವನಿಗೆ ಹಕ್ಕಿದೆ ಎನ್ನುವುದಷ್ಟೇ ಅದರ ತಾತ್ಪರ್ಯ.

ಹೆಸರಿನ ಹಿಂದೆ ಹೆಚ್ಚಾಗಿ ಕಾಣುವ ದರ್ಜೆ ‘ಗೆಫ್ರೈಟರ್’. ಅಕ್ಷರಶಃ ‘ಬಿಡುಗಡೆಯಾದವನು’. ಎಲ್ಲಿಂದ ಬಿಡುಗಡೆ? ಸೆರೆಯಿಂದಲ್ಲ, ರಾತ್ರಿ ಪಹರೆಯಿಂದ. ಹಳೆಯ ಕಾಲದ ಪಡೆಗಳಲ್ಲಿ ಪಳಗಿದ ಕಾಲಾಳಿಗೆ ಕಾವಲು ನಿಲ್ಲುವುದರಿಂದ ವಿನಾಯಿತಿ ಇತ್ತು. ವಿನಾಯಿತಿ ಮರೆಯಾದರೂ ಹೆಸರು ಉಳಿಯಿತು. ಮೊದಲ ಮಹಾಯುದ್ಧದಲ್ಲಿ ಹಿಟ್ಲರ್ ಇದೇ ದರ್ಜೆಯಲ್ಲಿದ್ದ. ಇಂಗ್ಲಿಷ್ ಪುಸ್ತಕಗಳು ಅವನನ್ನು ‘ಕಾರ್ಪೊರಲ್’ ಮಾಡಿಬಿಟ್ಟವು, ನಾವೂ ಹಾಗೇ ಬರೆದುಕೊಂಡು ಬಂದೆವು. ಆದರೆ ಗೆಫ್ರೈಟರ್‌ಗೆ ಯಾರ ಮೇಲೂ ಅಧಿಕಾರವಿರಲಿಲ್ಲ. ಅಧಿಕಾರ ಶುರುವಾಗುವುದು ಅವನ ಮೇಲಿನ ‘ಉಂಟರ್‌ಒಫಿತ್ಸೀರ್’ ದರ್ಜೆಯಿಂದ, ಅಂದರೆ ನಮ್ಮ ನಾಯಕ್, ಹವಾಲ್ದಾರ್‌ಗಳ ಸಾಲಿನಿಂದ. ನನ್ನನ್ನು ಕೇಳಿದರೆ ಗೆಫ್ರೈಟರ್ ಅನ್ನು ಹಾಗೆಯೇ ಬರೆದು, ಅಡಿಟಿಪ್ಪಣಿ ಕೊಡುವುದೇ ಲೇಸು.

ಗಾಯಾಳುಗಳ ಬ್ಯಾಡ್ಜ್ ಹುಟ್ಟಿದ್ದು 1918ರ ಮಾರ್ಚ್ 3ರಂದು. 1939ರಲ್ಲಿ ಮತ್ತೆ ಜಾರಿಗೆ ಬಂತು. ಒಂದೆರಡು ಗಾಯಕ್ಕೆ ಕಪ್ಪು, ಮೂರು ನಾಲ್ಕಕ್ಕೆ ಬೆಳ್ಳಿ, ಐದು ಮತ್ತು ಹೆಚ್ಚಿಗೆ ಚಿನ್ನದ ಬಣ್ಣ. ಪತ್ರದಲ್ಲಿ ‘ಒಂದು ಸಲದ ಗಾಯ ಅಥವಾ ಬೆಷೇಡಿಗುಂಗ್’ ಎಂದಿರುತ್ತದೆ. ಬೆಷೇಡಿಗುಂಗ್ ಎಂದರೆ ಹಾನಿ. ಯಂತ್ರಕ್ಕೆ ಹೇಳುವ ಮಾತು ಮನುಷ್ಯನಿಗೇಕೆ ಎನಿಸಬಹುದು. ಗುಂಡು ತಾಗದೆ, ರಷ್ಯಾದ ಹಿಮದಲ್ಲಿ ಕಾಲ್ಬೆರಳು ಕಳೆದುಕೊಂಡವನೂ ಲೆಕ್ಕಕ್ಕೆ ಬರಬೇಕಿತ್ತಲ್ಲ!

ಈ ಪತ್ರಕ್ಕೆ ಎಷ್ಟೋ ಸಲ ಸಹಿ ಹಾಕುತ್ತಿದ್ದುದು ಸೇನಾ ಆಸ್ಪತ್ರೆಯ ವೈದ್ಯ. ಅಲ್ಲೇ ಇನ್ನೊಂದು ಗುಂಡಿ ಕಾದಿದೆ. ‘ಒಬರ್‌ಸ್ಟಾಬ್ಸಾರ್ಟ್ಸ್ಟ್’ ಎಂಬ ಉದ್ದನೆಯ ಪದದ ಆರಂಭದಲ್ಲಿ ‘ಒಬರ್ಸ್ಟ್’ ಕಂಡು, ಕರ್ನಲ್ ಎಂದುಕೊಳ್ಳುವವರಿದ್ದಾರೆ. ಹಳಗನ್ನಡ ಓದಿದವರಿಗೆ ಗೊತ್ತು, ಪದಚ್ಛೇದ ತಪ್ಪಿದರೆ ಅರ್ಥವೇ ಕೆಡುತ್ತದೆ. ಇಲ್ಲಿ ಬಿಡಿಸಬೇಕಾದ್ದು ‘ಒಬರ್ + ಸ್ಟಾಬ್ಸಾರ್ಟ್ಸ್ಟ್’ ಎಂದು. ಆತ ಮೇಜರ್ ಮಟ್ಟದ ವೈದ್ಯ. ಕರ್ನಲ್ ಮಟ್ಟದವನು ‘ಒಬರ್ಸ್ಟಾರ್ಟ್ಸ್ಟ್’.

ತಾರೀಖಿನ ಪಕ್ಕದ ‘ಓ. ಊ.’ ನಕ್ಷೆಯಲ್ಲಿ ಸಿಗುವುದಿಲ್ಲ. ಅದು ‘ಒರ್ಟ್ಸುಂಟರ್‌ಕುನ್ಫ್ಟ್’, ಅಂದರೆ ಊರಿನಲ್ಲಿ ಸೇನೆ ತಂಗಿದ ಬಿಡಾರ. ಯಾವ ಊರು ಎಂದು ಬಾಯಿಬಿಡಬಾರದೆಂದೇ ಹಾಗೆ ಬರೆಯುತ್ತಿದ್ದರು. ಅಂಚೆ ವಿಳಾಸದಲ್ಲೂ ತುಕಡಿಯ ಹೆಸರಿಲ್ಲ, ಐದಂಕಿಯ ಸಂಖ್ಯೆ ಮಾತ್ರ.

ಕೈಬರಹವಿದ್ದರೆ ಪಾಡು ಇನ್ನೂ ಹೆಚ್ಚು. 1915ರಿಂದ ಪ್ರಷ್ಯದ ಶಾಲೆಗಳಲ್ಲಿ ಕಲಿಸಿದ ಸುಟರ್ಲಿನ್ ಲಿಪಿಯಲ್ಲಿ ‘ಇ’ ಮತ್ತು ‘ಎನ್’ ಅಕ್ಷರಗಳು ಅವಳಿಗಳಂತಿರುತ್ತವೆ. 1941ರಲ್ಲಿ ನಾಜಿ ಸರ್ಕಾರವೇ ಹಳೆಯ ಅಚ್ಚಿನ ಲಿಪಿಯನ್ನೂ ಈ ಬರಹವನ್ನೂ ಕೈಬಿಟ್ಟಿತು. ಆದರೆ ಬಾಲ್ಯದಲ್ಲಿ ತಿದ್ದಿದ ಕೈ ಆದೇಶ ಕೇಳುತ್ತದೆಯೇ? ಗುಮಾಸ್ತರು ಹಾಗೇ ಬರೆಯುತ್ತಾ ಹೋದರು.

ಪದಗಳ ವಯಸ್ಸು ಗೊತ್ತಿದ್ದರೆ ಖೊಟ್ಟಿ ಕಾಗದವೂ ಸಿಕ್ಕಿಬೀಳುತ್ತದೆ. ಜರ್ಮನ್ ಸೇನೆಯ ಸಾಮಾನ್ಯ ಕಾಲಾಳು ರೆಜಿಮೆಂಟುಗಳಿಗೆ ‘ಗ್ರೆನೇಡಿಯರ್’ ಎಂಬ ಹೆಸರು ಬಂದಿದ್ದು 1942ರ ಅಕ್ಟೋಬರ್‌ನಲ್ಲಿ. 1941ರ ತಾರೀಖಿನ ಪತ್ರದಲ್ಲಿ ಅಂಥ ರೆಜಿಮೆಂಟಿಗೆ ಆ ಹೆಸರಿದ್ದರೆ, ಅನುವಾದ ನಿಲ್ಲಿಸಿ ಮೊದಲು ಮೊಹರನ್ನೂ ಕಾಗದವನ್ನೂ ಪರೀಕ್ಷಿಸಬೇಕು.