ಡಿಸೆಂಬರ್‌ನಲ್ಲಿ ನೋಡಿದ ಮನೆ ಏಪ್ರಿಲ್‌ನಲ್ಲಿ ಹೇಗಿರುತ್ತದೆ?

ಓದುಗರ ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೇವೆ. ಈ ಚಳಿಯಲ್ಲಿ ನೋಡಿದ ಮನೆಗಳೆಲ್ಲ ತಂಪಾಗಿ, ಚೆನ್ನಾಗಿಯೇ ಕಾಣುತ್ತಿವೆ. ಬೇಸಿಗೆಗೂ ಮಳೆಗಾಲಕ್ಕೂ ಒಗ್ಗುವ ಮನೆ ಯಾವುದು ಎಂದು ಈಗಲೇ ತಿಳಿಯುವುದು ಹೇಗೆ? ಅಥವಾ ಧನುರ್ಮಾಸ ಕಳೆಯುವವರೆಗೂ ಸುಮ್ಮನಿರುವುದು ಒಳ್ಳೆಯದೇ?

ಉತ್ತರ: ಸುಮ್ಮನಿರಬೇಡಿ. ಮನೆ ನೋಡುವುದಕ್ಕೆ ಧನುರ್ಮಾಸದಷ್ಟು ಅನುಕೂಲದ ಕಾಲ ವರ್ಷದಲ್ಲಿ ಇನ್ನೊಂದಿಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಬಹಳ ಮಂದಿ ಮನೆ ಬದಲಾಯಿಸುವುದಿಲ್ಲ, ಹಾಲು ಉಕ್ಕಿಸುವುದಿಲ್ಲ. ಟು-ಲೆಟ್ ಬೋರ್ಡು ನೇತಾಡುತ್ತಲೇ ಇರುತ್ತದೆ. ಮಾಲೀಕರಿಗೂ ಮಾತನಾಡಲು ಪುರುಸೊತ್ತಿರುತ್ತದೆ, ಬಾಡಿಗೆಯಲ್ಲಿ ಸಾವಿರ ರೂಪಾಯಿ ಇಳಿಸುವ ಮನಸ್ಸೂ ಇರುತ್ತದೆ. ಈಗ ನೋಡಿ, ಮಾತು ಮುಗಿಸಿ, ಸಣ್ಣ ಮುಂಗಡ ಕೊಟ್ಟು ರಸೀದಿ ಪಡೆದು, ಸಂಕ್ರಾಂತಿ ಕಳೆದ ಮೇಲೆ ಸಾಮಾನು ಸಾಗಿಸಬಹುದು. ಶಾಸ್ತ್ರ ನೋಡುವವರಿಗೂ ಇದರಲ್ಲಿ ತೊಡಕಿಲ್ಲ. ಶಾಲೆಗಳ ಪರೀಕ್ಷೆ ಮುಗಿದು ಏಪ್ರಿಲ್, ಮೇ ಬಂದರೆ ಒಂದು ಮನೆಗೆ ಹತ್ತು ಮಂದಿ ಬರುತ್ತಾರೆ. ಆಗ ಎರಡನೇ ಸಲ ಹೋಗಿ ನೋಡುವಷ್ಟು ವ್ಯವಧಾನವನ್ನೂ ಯಾರೂ ಕೊಡುವುದಿಲ್ಲ.

ಚಳಿಗಾಲದ ಮನೆ ಕೆಲವನ್ನು ತೋರಿಸುತ್ತದೆ, ಕೆಲವನ್ನು ಮುಚ್ಚಿಡುತ್ತದೆ. ಗೋಡೆಯ ತೇವ, ಬಿಸಿನೀರಿನ ವ್ಯವಸ್ಥೆ, ಬಿಸಿಲು ಬರುವ ದಿಕ್ಕು ಈಗ ಕಣ್ಣಿಗೇ ಕಾಣುತ್ತವೆ. ನೀರಿನ ಕೊರತೆ ಮತ್ತು ಮೇಲಿನ ಮಹಡಿಯ ಕಾವು ಕಾಣುವುದಿಲ್ಲ. ಇವನ್ನು ಕೇಳಿ, ಮುಟ್ಟಿ, ಸ್ವಲ್ಪ ಲೆಕ್ಕ ಹಾಕಿ ತಿಳಿಯಬೇಕು.

ಮೊದಲು ಪಟ್ಟಿ ಚಿಕ್ಕದಾಗಲಿ

ದಿನಕ್ಕೆ ಎಂಟು ಮನೆ ನೋಡಿದರೆ ಸಂಜೆಗೆ ಯಾವ ಅಡುಗೆಮನೆ ಯಾವ ಮನೆಯದು ಎಂಬುದೇ ನೆನಪಿರುವುದಿಲ್ಲ. ದಿನಕ್ಕೆ ನಾಲ್ಕು ಸಾಕು. ಪ್ರತಿ ಮನೆಯಲ್ಲೂ ಒಂದೇ ಕ್ರಮದಲ್ಲಿ ಮೊಬೈಲ್ ವಿಡಿಯೋ ತೆಗೆಯಿರಿ: ಗೇಟು, ಮೀಟರ್ ಬೋರ್ಡು, ಸಂಪು, ಅಡುಗೆಮನೆ, ಬಚ್ಚಲು, ಕೋಣೆಗಳು, ಕೊನೆಗೆ ತಾರಸಿ. ಇಷ್ಟವಾದ ಎರಡು ಮೂರು ಮನೆಗೆ ಮಾತ್ರ ಎರಡನೇ ಸಲ ಹೋಗಿ. ಒಮ್ಮೆ ಬೆಳಗ್ಗೆ ಏಳಕ್ಕೆ, ಇನ್ನೊಮ್ಮೆ ಸಂಜೆ ಐದೂವರೆಯಿಂದ ಆರೂವರೆಯೊಳಗೆ. ಮಧ್ಯಾಹ್ನ ಎರಡಕ್ಕೆ ನೋಡಿ ಒಪ್ಪಿಕೊಂಡ ಮನೆ ಬಹಳ ಸಲ ನಿರಾಸೆ ತರುತ್ತದೆ. ಆ ಹೊತ್ತಿಗೆ ನೀರು, ಸದ್ದು, ಚಳಿ, ಪಾರ್ಕಿಂಗ್ ಯಾವುದರ ನಿಜವೂ ತಿಳಿಯುವುದಿಲ್ಲ.

ಬಾಡಿಗೆ ಹೋಲಿಸುವಾಗ ಬಾಡಿಗೆಯ ಅಂಕಿಯೊಂದನ್ನೇ ಹಿಡಿಯಬೇಡಿ. ಒಂದು ಮನೆಗೆ ತಿಂಗಳಿಗೆ 20,000, ಅಡ್ವಾನ್ಸ್ 2 ಲಕ್ಷ ಎಂದುಕೊಳ್ಳಿ. ಆ ಹಣಕ್ಕೆ ಬ್ಯಾಂಕಿನಲ್ಲಿ ಶೇ. 7 ಬಡ್ಡಿ ಬರುತ್ತಿತ್ತು ಎಂದರೂ ವರ್ಷಕ್ಕೆ 14,000, ತಿಂಗಳಿಗೆ ಸುಮಾರು 1,170. ಮನೆ ಬಿಡುವಾಗ ಸುಣ್ಣ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡರೆ, 11 ತಿಂಗಳು ಇದ್ದವರಿಗೆ ಅದು ತಿಂಗಳಿಗೆ 1,800ಕ್ಕೂ ಹೆಚ್ಚು ಬಿದ್ದಂತೆ, ಮೂರು ವರ್ಷ ಇದ್ದವರಿಗೆ 560ರಷ್ಟು. ಇದರ ಮೇಲೆ ನೀರು, ಮೇಂಟೆನೆನ್ಸ್ ಸೇರಿಸಿ. ಹೀಗೆ ಕೂಡಿದಾಗ 20,000ದ ಮನೆಗಿಂತ 22,000ದ ಮನೆಯೇ ಅಗ್ಗವಾಗುವುದುಂಟು.

ಮನೆ ತೋರಿಸುವ ಮೊದಲೇ 'ಗೇಟ್ ಪಾಸ್', 'ಟೋಕನ್' ಎಂದು ಆನ್‌ಲೈನ್‌ನಲ್ಲಿ ಹಣ ಕೇಳುವವರ ಜೊತೆ ಮಾತು ಮುಂದುವರಿಸಲೇಬೇಡಿ.

ಬಿಸಿಲಿನ ಲೆಕ್ಕ

ಇದಕ್ಕೆ ವಾಸ್ತು ಬೇಡ, ಮುಕ್ಕಾಲರ ಲೆಕ್ಕ ಗೊತ್ತಿದ್ದರೆ ಸಾಕು. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಸುಮಾರಿಗೆ ನಡುಹಗಲಿನ ಸೂರ್ಯ ದಕ್ಷಿಣದಲ್ಲಿ 53–54 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಯಾವುದೇ ಕಟ್ಟಡದ ನೆರಳು ಅದರ ಎತ್ತರದ ಮುಕ್ಕಾಲು ಭಾಗದಷ್ಟು ಉದ್ದ ಉತ್ತರಕ್ಕೆ ಬೀಳುತ್ತದೆ. ದಕ್ಷಿಣದ ಪಕ್ಕದಲ್ಲಿ ನೆಲಮಹಡಿ ಸೇರಿ ನಾಲ್ಕು ಅಂತಸ್ತಿನ, 40 ಅಡಿ ಎತ್ತರದ ಮನೆ ಇದ್ದರೆ ನೆರಳು 30 ಅಡಿ. ಎರಡು ಮನೆಗಳ ನಡುವಿನ ಸಂದು ಆರೇ ಅಡಿ ಇದ್ದರೆ, ಪಕ್ಕದವರ ತಾರಸಿಯ ಮಟ್ಟದಿಂದ ಎಂಟು ಅಡಿ ಕೆಳಗಿನವರೆಗೆ ಮಾತ್ರ ನಿಮ್ಮ ಗೋಡೆಗೆ ಬಿಸಿಲು ತಾಗುತ್ತದೆ. ಎರಡೂ ಮನೆ ಒಂದೇ ಎತ್ತರದವಾದರೆ ಬಿಸಿಲು ಸಿಗುವುದು ಮೇಲಿನ ಮಹಡಿಗೊಂದೇ. 'ಸೌತ್ ಫೇಸಿಂಗ್, ಒಳ್ಳೆ ಬೆಳಕು' ಎಂಬ ಮಾತನ್ನು ನಂಬುವ ಮೊದಲು ಆ ಸಂದನ್ನು ಹೆಜ್ಜೆ ಹಾಕಿ ಅಳೆಯಿರಿ.

ದಿಕ್ಕು ತಿಳಿಯಲು ಮೊಬೈಲಿನ ದಿಕ್ಸೂಚಿ ಸಾಕು, ಆದರೆ ಕಿಟಕಿಯ ಕಬ್ಬಿಣದ ಸರಳುಗಳ ಹತ್ತಿರ ಹಿಡಿದರೆ ತಪ್ಪು ತೋರಿಸುತ್ತದೆ. ಈ ದಿನಗಳಲ್ಲಿ ಹನ್ನೆರಡೂ ಕಾಲರಿಂದ ಹನ್ನೆರಡೂವರೆಯ ನಡುವೆ ಸೂರ್ಯ ನೇರ ದಕ್ಷಿಣದಲ್ಲಿರುತ್ತಾನೆ. ಆ ಹೊತ್ತಿಗೆ ಅಲ್ಲಿದ್ದರೆ ದಿಕ್ಸೂಚಿಯೂ ಬೇಡ.

ತಡೆಯಿಲ್ಲದ ದಕ್ಷಿಣದ ಕಿಟಕಿ ಸಿಕ್ಕರೆ ಅದು ನಿಜವಾದ ಲಾಭ. ಎರಡು ಅಡಿ ಸಜ್ಜಾ ಇರುವ, ನಾಲ್ಕು ಅಡಿ ಎತ್ತರದ ಕಿಟಕಿಗೆ ಡಿಸೆಂಬರ್ ನಡುಹಗಲಲ್ಲಿ ಸಜ್ಜಾದ ನೆರಳು ಎರಡೂ ಮುಕ್ಕಾಲು ಅಡಿಯವರೆಗೆ ಇಳಿಯುತ್ತದೆ. ಕೆಳಗಿನ ಒಂದೂ ಕಾಲು ಅಡಿಯಿಂದ ಬಿಸಿಲು ಒಳಗೆ ಬರುತ್ತದೆ. ಫೆಬ್ರವರಿ ಮೂರನೇ ವಾರಕ್ಕೆ ಸೂರ್ಯ ಮೇಲೇರಿ, ಅದೇ ಸಜ್ಜಾ ಇಡೀ ಕಿಟಕಿಗೆ ನೆರಳಾಗುತ್ತದೆ. ಏಪ್ರಿಲ್ ಕೊನೆಗೆ ಅವನು ನೆತ್ತಿಯ ಮೇಲಿರುತ್ತಾನೆ, ಆಮೇಲೆ ಆಗಸ್ಟ್ ನಡುವಿನವರೆಗೆ ಉತ್ತರದ ಕಡೆಗೆ ವಾಲಿರುತ್ತಾನೆ. ಚಳಿಗೆ ಬಿಸಿಲು, ಬೇಸಿಗೆಗೆ ನೆರಳು, ಎರಡನ್ನೂ ಕೊಡುವ ಕಿಟಕಿ ಇದೊಂದೇ. ಪೂರ್ವದ ಕಿಟಕಿಯೂ ಒಳ್ಳೆಯದೇ. ಡಿಸೆಂಬರ್‌ನಲ್ಲಿ ಸೂರ್ಯ ನೇರ ಪೂರ್ವಕ್ಕಲ್ಲ, 24 ಡಿಗ್ರಿಯಷ್ಟು ಆಗ್ನೇಯಕ್ಕೆ ಸರಿದು ಹುಟ್ಟುವುದರಿಂದ ಬಿಸಿಲು ಓರೆಯಾಗಿ ಬೀಳುತ್ತದೆ, ಅಷ್ಟೇ.

ಗೋಡೆ ಮುಟ್ಟಿ ನೋಡಿ

ಸಂಜೆ ಆರಕ್ಕೆ ಪಶ್ಚಿಮದ ಗೋಡೆಗೆ ಒಳಗಿನಿಂದ ಅಂಗೈ ಇಡಿ. ಡಿಸೆಂಬರ್‌ನಲ್ಲೇ ಬೆಚ್ಚಗಿದ್ದರೆ ಏಪ್ರಿಲ್‌ನಲ್ಲಿ ಆ ಕೋಣೆಯಲ್ಲಿ ರಾತ್ರಿ ಹತ್ತರವರೆಗೂ ಮಲಗಲಾಗುವುದಿಲ್ಲ. ಇಟ್ಟಿಗೆ, ಕಾಂಕ್ರೀಟು ಹಗಲಿನ ಕಾವನ್ನು ಹೀರಿಕೊಂಡು ತಾಸುಗಟ್ಟಲೆ ತಡವಾಗಿ ಒಳಗೆ ಬಿಡುತ್ತವೆ. ಮೇಲಿನ ಮಹಡಿಯ ಮನೆ ಚಳಿಗಾಲದ ಸಂಜೆ ಹಿತವೆನಿಸುವುದೂ ಇದೇ ಕಾರಣಕ್ಕೆ: ತಾರಸಿಯ ಸ್ಲ್ಯಾಬು ಮಧ್ಯಾಹ್ನ ಕುಡಿದ ಬಿಸಿಲನ್ನು ಆಗ ಕೊಡುತ್ತಿರುತ್ತದೆ. ಅದೇ ಸ್ಲ್ಯಾಬು ಮೋಡವಿಲ್ಲದ ರಾತ್ರಿಯಲ್ಲಿ ಕಾವನ್ನೆಲ್ಲ ಆಕಾಶಕ್ಕೆ ಚೆಲ್ಲಿ ಬೆಳಗಿನ ಜಾವ ತಣ್ಣಗಾಗಿರುತ್ತದೆ. ಬೆಳಗ್ಗೆ ಏಳಕ್ಕೂ ಸಂಜೆ ಆರಕ್ಕೂ ಆ ಮನೆಯಲ್ಲಿ ಬಹಳ ಅಂತರ ಕಂಡರೆ ಬೇಸಿಗೆ ಕಷ್ಟ ಎಂದೇ ತಿಳಿಯಿರಿ. ತಾರಸಿಗೆ ಬಿಳಿಯ ಕೂಲ್ ರೂಫ್ ಬಣ್ಣ ಹೊಡೆಸಿಕೊಡಲು ಮಾಲೀಕರು ಒಪ್ಪುತ್ತಾರೆಯೇ ಎಂದು ಈಗಲೇ ಕೇಳಿ. ಮಾರ್ಚ್‌ನಲ್ಲಿ ಕೇಳಿದರೆ 'ಮುಂದಿನ ವರ್ಷ ನೋಡೋಣ' ಎನ್ನುತ್ತಾರೆ.

ತೇವ ನೋಡಲು ಇದು ಸರಿಯಾದ ಸಮಯ. ಬೆಂಗಳೂರಿಗೆ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್, ಅಕ್ಟೋಬರ್. ಅದರ ಗುರುತು ಇನ್ನೂ ಗೋಡೆಯಲ್ಲಿರುತ್ತದೆ. ಹೊಸ ಬಣ್ಣ ಹೊಡೆದಿದ್ದರೂ ಕಪಾಟಿನ ಒಳಬೆನ್ನು, ಅಟ್ಟದ ಮೂಲೆ, ಬಾಗಿಲಿನ ಹಿಂದಿನ ಗೋಡೆ ಸಾಮಾನ್ಯವಾಗಿ ಹಾಗೇ ಬಿಟ್ಟಿರುತ್ತಾರೆ. ಅಲ್ಲಿ ಟಾರ್ಚು ಬಿಟ್ಟು ನೋಡಿ, ಮೂಸಿ ನೋಡಿ. ತೇವ ಎಲ್ಲಿದೆ ಎಂಬುದು ಮುಖ್ಯ. ನೆಲದಿಂದ ಮೂರು ಅಡಿಯೊಳಗೆ ಬಣ್ಣ ಉಬ್ಬಿ ಬಿಳಿ ಉಪ್ಪು ಉದುರುತ್ತಿದ್ದರೆ ನೀರು ಪಾಯದಿಂದ ಏರುತ್ತಿದೆ. ಬಾಡಿಗೆದಾರರ ಕಾಲದಲ್ಲಿ ಅದು ಸರಿಯಾಗುವುದಿಲ್ಲ, ಆ ಮನೆ ಬಿಡಿ. ಬಚ್ಚಲಿನ ಆಚೆ ಬದಿಯ ಗೋಡೆಯಲ್ಲಿದ್ದರೆ ಪೈಪೋ ಟೈಲ್ಸ್ ಸಂದೋ ಸೋರುತ್ತಿದೆ, ಪ್ಲಂಬರ್ ಕೆಲಸ. ಸೂರಿನಲ್ಲಿ ಹಳದಿ ಕಲೆ ಇದ್ದರೆ ತಾರಸಿಗೆ ವಾಟರ್‌ಪ್ರೂಫಿಂಗ್ ಬೇಕು. ಈ ಎರಡನ್ನು ಮಾಡಿಸಿಕೊಟ್ಟ ಮೇಲೆಯೇ ಅಡ್ವಾನ್ಸಿನ ಪೂರ್ತಿ ಹಣ ಎಂದು ಹೇಳಿ.

ಈಗ ಕಾಣದ ನೀರಿನ ಕಷ್ಟ

ಡಿಸೆಂಬರ್‌ನಲ್ಲಿ ಎಲ್ಲ ಮನೆಯ ನಲ್ಲಿಯಲ್ಲೂ ನೀರಿರುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾದದ್ದು ನಗರಕ್ಕೆ ಮರೆತಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ಹೊರವಲಯದ 110 ಹಳ್ಳಿಗಳ ಪ್ರದೇಶಕ್ಕೂ ನೀರು ಹರಿಯುವಂತಾಯಿತು, ಆದರೆ ನಿಮ್ಮ ಕಟ್ಟಡಕ್ಕೆ ಸಂಪರ್ಕ ಇದೆಯೇ ಎಂಬುದು ಬೇರೆ ಪ್ರಶ್ನೆ. ಬೀದಿಯಲ್ಲಿ ಪೈಪ್ ಹಾದುಹೋಗಿದ್ದರೆ ಸಾಲದು, ಜಲಮಂಡಳಿಯ ನೀರಿನ ಬಿಲ್ ತೋರಿಸಲು ಕೇಳಿ.

ಸಂಪಿನ ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಗುಣಿಸಿ, ಮತ್ತೆ 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 6, 5, 6 ಅಡಿಯ ಸಂಪಿನಲ್ಲಿ ಸುಮಾರು 5,000 ಲೀಟರ್. ತಲೆಗೆ ದಿನಕ್ಕೆ 135 ಲೀಟರ್ ಎಂಬ ಅಳತೆ ಹಿಡಿದರೆ ನಾಲ್ಕು ಜನರ ಸಂಸಾರಕ್ಕೆ 540 ಲೀಟರ್. ಅಂಥ ನಾಲ್ಕು ಮನೆಗೆ ಎರಡು ದಿನಕ್ಕೆ 4,320. ದಿನ ಬಿಟ್ಟು ದಿನ ನೀರು ಬಂದರೂ ಈ ಸಂಪು ಸಾಕು, ಒಂದು ಸರದಿ ತಪ್ಪಿದರೆ ಸಾಲದು. ಕೊನೆಗೆ ಮಾಲೀಕರನ್ನಲ್ಲ, ಕೆಳಗಿನ ಮನೆಯವರನ್ನು ಅಥವಾ ಬೀದಿ ಕೊನೆಯ ಅಂಗಡಿಯವರನ್ನು ಕೇಳಿ: 'ಹೋದ ಏಪ್ರಿಲ್‌ನಲ್ಲಿ ಟ್ಯಾಂಕರ್ ಎಷ್ಟು ಸಲ ಬಂತು? ದುಡ್ಡು ಯಾರು ಕೊಟ್ಟರು?' ಈ ಎರಡು ಪ್ರಶ್ನೆಗೆ ಸಿಗುವ ಉತ್ತರ ಉಳಿದೆಲ್ಲ ಲೆಕ್ಕಕ್ಕಿಂತ ದೊಡ್ಡದು. ನಲ್ಲಿಯ ಬಾಯಲ್ಲಿ ಬಿಳಿ ಗಸಿ ಕಟ್ಟಿದ್ದರೆ ಗಡಸು ನೀರು. ಗೀಸರ್, ವಾಷಿಂಗ್ ಮೆಷಿನ್ ಎರಡಕ್ಕೂ ಅದು ಶತ್ರು.

ಬಿಸಿನೀರು

ಬೆಳಗ್ಗೆ ಏಳಕ್ಕೆ ಹೋದಾಗ ಸೋಲಾರ್ ನಲ್ಲಿಯ ಕೆಳಗೆ ಬಕೆಟ್ ಇಟ್ಟು ತಿರುಗಿಸಿ. ಮುಕ್ಕಾಲು ಇಂಚಿನ ಪೈಪಿನಲ್ಲಿ ಪ್ರತಿ ಮೀಟರಿಗೆ ಸುಮಾರು 0.3 ಲೀಟರ್ ನೀರು ನಿಂತಿರುತ್ತದೆ. ತಾರಸಿಯಿಂದ ನೆಲಮಹಡಿಗೆ 18 ಮೀಟರ್ ಪೈಪ್ ಇದ್ದರೆ ಐದು ಲೀಟರ್ ತಣ್ಣೀರು ಹೋದ ಮೇಲೆ ಬಿಸಿ ಬರುವುದು ಸಹಜ. ಒಂದೂವರೆ ಬಕೆಟ್ ಹೋದರೂ ಬಾರದಿದ್ದರೆ ಗಾಜಿನ ಕೊಳವೆಗಳಲ್ಲಿ ಗಸಿ ಕಟ್ಟಿದೆ, ಇಲ್ಲವೇ ಒಂದು ಸೋಲಾರಿಗೆ ಹಲವು ಮನೆ ಜೋಡಿಸಿದ್ದಾರೆ. ಮೋಡ ಕವಿದ ದಿನಕ್ಕೆ ಹೇಗಿದ್ದರೂ ಗೀಸರ್ ಬೇಕು.

15 ಲೀಟರಿನ, 2,000 ವಾಟ್ ಗೀಸರ್ 20 ಡಿಗ್ರಿಯ ನೀರನ್ನು 60 ಡಿಗ್ರಿಗೆ ತರಲು 20 ನಿಮಿಷಕ್ಕೆ ಸ್ವಲ್ಪ ಹೆಚ್ಚು ಹೊತ್ತು, ಸುಮಾರು 0.7 ಯೂನಿಟ್ ಬೇಕು. ತಣ್ಣೀರು ಬೆರೆಸಿದರೆ 40 ಡಿಗ್ರಿಯ 30 ಲೀಟರ್, ಅಂದರೆ ಎರಡು ಬಕೆಟ್. ಇದು ಎಳೆಯುವ ವಿದ್ಯುತ್ ಹತ್ತಿರಹತ್ತಿರ 9 ಆಂಪಿಯರ್. ಬಚ್ಚಲಿನಲ್ಲಿ 6 ಆಂಪಿಯರಿನ ಸಣ್ಣ ಸಾಕೆಟ್ಟೇ ಇದ್ದರೆ ಅದು ಸುಡುತ್ತದೆ. ಅರ್ಥಿಂಗ್ ಇರುವ 16 ಆಂಪಿಯರಿನ ದಪ್ಪ ಪಿನ್ನಿನದು ಮತ್ತು ಪ್ರತ್ಯೇಕ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಆರುವ ಸ್ವಿಚ್ಚು) ಬೇಕು.

ಗ್ಯಾಸ್ ಗೀಸರ್ ಬಚ್ಚಲಿನ ಒಳಗೇ ಇದ್ದರೆ ಹೊರಗೆ ಹಾಕಿಸಿಕೊಡಲು ಹೇಳಿ, ಆಗದಿದ್ದರೆ ಆ ಮನೆ ಬೇಡ. ಚಳಿಗೆ ಕಿಟಕಿ ಮುಚ್ಚಿ ಸ್ನಾನ ಮಾಡುವಾಗ ಕಾರ್ಬನ್ ಮಾನಾಕ್ಸೈಡ್ ತುಂಬಿ ಪ್ರಾಣ ಹೋಗುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ ಇಟ್ಟು ಮಲಗುವುದೂ ಇಷ್ಟೇ ಅಪಾಯ.

ಕರಾರಿನಲ್ಲಿ ಬರೆಸಬೇಕಾದ್ದು

11 ತಿಂಗಳ ಕರಾರು ರೂಢಿಯಲ್ಲಿದೆ. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಟ್ಯಾಂಕರ್ ಖರ್ಚು ಯಾರದು, ಬಣ್ಣಕ್ಕೆ ಎಷ್ಟು ಮುರಿಯುತ್ತಾರೆ, ಅಡ್ವಾನ್ಸ್ ಯಾವ ದಿನ ವಾಪಸ್, ತಾರಸಿಗೆ ಹೋಗಲು ಬಿಡುತ್ತಾರೆಯೇ, ಇವು ಅಕ್ಷರದಲ್ಲಿರಲಿ. ಮನೆಗೆ ಸ್ವಂತ ವಿದ್ಯುತ್ ಮೀಟರ್ ಇದೆಯೇ ನೋಡಿ, ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ (ಸಂಪರ್ಕದ ಸಂಖ್ಯೆ) ಬರೆದುಕೊಳ್ಳಿ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ಹಿಂದಿನ ಬಾಡಿಗೆದಾರರ ಆಧಾರ್ ಜೋಡಣೆಯಾಗಿದ್ದರೆ ಅದನ್ನು ಬಿಡಿಸಿದ ಮೇಲೆಯೇ ನಿಮ್ಮದು ಸೇರುತ್ತದೆ.

ಸಾಮಾನು ಇಳಿಸಿದ ಮೇಲೆ

ಬೀರು, ಮಂಚದ ತಲೆಬದಿಯನ್ನು ಹೊರಗೋಡೆಗೆ ಒತ್ತಿ ಇಡಬೇಡಿ. ಮೂರು ಇಂಚು ಬಿಟ್ಟರೆ ಗಾಳಿ ಆಡಿ ಬೂಷ್ಟು ಹಿಡಿಯುವುದಿಲ್ಲ. ಚಳಿಯೆಂದು ದಿನವಿಡೀ ಕಿಟಕಿ ಮುಚ್ಚಿದರೆ ಅಡುಗೆಯ, ಸ್ನಾನದ ಹಬೆ ಎಲ್ಲ ಗೋಡೆಗೇ ಸೇರುತ್ತದೆ. ಹತ್ತರಿಂದ ನಾಲ್ಕರವರೆಗೆ ತೆರೆದು, ಬಿಸಿಲು ಇಳಿಯುತ್ತಿದ್ದಂತೆ ಮುಚ್ಚಿ. ಮಧ್ಯಾಹ್ನ ಬಿಸಿಲು ನೆಲದ ಮೇಲೆ ಎಲ್ಲಿಯವರೆಗೆ ಬರುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡಿ, ಅಜ್ಜಿಯ ಕುರ್ಚಿಯನ್ನೋ ಮಗುವಿನ ಚಾಪೆಯನ್ನೋ ಅಲ್ಲಿಗೆ ಸರಿಸಿ. ಬೇಸಿಗೆಯಲ್ಲಿ ಎಂಟು ಗಂಟೆಗೆ ಹುದುಗುವ ಇಡ್ಲಿ ಹಿಟ್ಟು ಈಗ ಹನ್ನೆರಡು ಗಂಟೆಗೂ ಹೆಚ್ಚು ಕೇಳುತ್ತದೆ. ಹೊಸ ಅಡುಗೆಮನೆಯಲ್ಲಿ ಫ್ರಿಜ್ಜಿನ ಮೇಲ್ಭಾಗವೋ ಒಲೆಯ ಪಕ್ಕದ ಮೂಲೆಯೋ, ಬೆಚ್ಚಗಿರುವ ಜಾಗವನ್ನು ಮೊದಲ ರಾತ್ರಿಯೇ ಹುಡುಕಿಟ್ಟುಕೊಳ್ಳಿ.