ಲಿಸ್ಟ್‌ನ ಬಿ ಮೈನರ್ ಸೊನಾಟಾ: 'ಬರೀ ಗದ್ದಲ' ಅಂತ ಬೈಸ್ಕೊಂಡಿದ್ದು ಎಲ್ಲರ ಕನಸಾಗಿದ್ದು ಹೇಗೆ

1854ರ ಮೇ ತಿಂಗಳಲ್ಲಿ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿದ್ದ ಪಿಯಾನಿಸ್ಟ್ ಕ್ಲಾರಾ ಶೂಮನ್ ಮನೆಗೆ ಸಂಗೀತ ರಚನಕಾರ ಫ್ರಾಂಜ್ ಲಿಸ್ಟ್ ಕಡೆಯಿಂದ ಒಂದು ಪಾರ್ಸೆಲ್ ಬಂತು. ಒಳಗಿದ್ದಿದ್ದು ಆಗಷ್ಟೇ ಅಚ್ಚಾಗಿದ್ದ ಬಿ ಮೈನರ್ ಪಿಯಾನೋ ಸೊನಾಟಾ, ಮೇಲೆ 'ರಾಬರ್ಟ್ ಶೂಮನ್‌ಗೆ' ಅಂತ, ಅಂದ್ರೆ ಕ್ಲಾರಾಳ ರಚನಕಾರ ಗಂಡನಿಗೆ, ಅರ್ಪಣೆ. 1839ರಲ್ಲಿ ಶೂಮನ್ ತನ್ನ ಸಿ ಮೇಜರ್ ಫ್ಯಾಂಟಸಿನ ಲಿಸ್ಟ್‌ಗೆ ಅರ್ಪಿಸಿದ್ದ, ಅದಕ್ಕೆ ಇದು ಮರುಮರ್ಯಾದೆ. ಆದ್ರೆ ಶೂಮನ್ ಆಗ ಮನೇಲೇ ಇರ್ಲಿಲ್ಲ, ಮಾನಸಿಕ ಕಾಯಿಲೆ ಜಾಸ್ತಿಯಾಗಿ ಎರಡು ತಿಂಗಳ ಹಿಂದೆನೇ ಎಂಡೆನಿಕ್‌ನ ಆಸ್ಪತ್ರೆ ಸೇರಿದ್ದ. ಪೀಸ್‌ನ ಕ್ಲಾರಾಗೆ ನುಡಿಸಿ ತೋರಿಸಿದ್ದು ಇಪ್ಪತ್ತೊಂದು ವರ್ಷದ ಹುಡುಗ, ಮುಂದೆ ದೊಡ್ಡ ರಚನಕಾರ ಆದ ಬ್ರಾಮ್ಸ್. ಕೇಳಿದ ಮೇಲೆ ಆಕೆ ಡೈರಿಲಿ ಬರ್ಕೊಂಡಿದ್ದು ಇಷ್ಟು: ಬರೀ ಕುರುಡು ಗದ್ದಲ, ಆರೋಗ್ಯವಾದ ಒಂದು ಯೋಚನೆ ಇಲ್ಲ, ಎಲ್ಲಾ ಗೊಂದಲ, ಇದಕ್ಕೆ ನಾನು ಥ್ಯಾಂಕ್ಸ್ ಬೇರೆ ಹೇಳ್ಬೇಕು!

ಗಂಡ ಆಸ್ಪತ್ರೇಲಿ, ಮನೆ ತುಂಬಾ ಮಕ್ಕಳು, ಆ ಹೊತ್ತಲ್ಲಿ ಯಾವ ಸೊನಾಟಾ ಬಂದಿದ್ರೂ ಹಿಡಿಸ್ತಿತ್ತೋ ಇಲ್ವೋ ಗೊತ್ತಿಲ್ಲ ಬಿಡಿ. ಆದ್ರೆ ಹಾಗೆ ಅನಿಸಿದ್ದು ಕ್ಲಾರಾ ಒಬ್ಬಳಿಗೇ ಅಲ್ಲ.

ಲಿಸ್ಟ್ ಇದನ್ನ ಬರೆದು ಮುಗಿಸಿದ್ದು 1853ರ ಫೆಬ್ರವರಿ 2ಕ್ಕೆ, ಜರ್ಮನಿಯ ವೈಮಾರ್‌ನಲ್ಲಿ. ಯುರೋಪೆಲ್ಲಾ ಸುತ್ತಿ ಜನರನ್ನ ಹುಚ್ಚೆಬ್ಬಿಸ್ತಿದ್ದ ಸ್ಟಾರ್ ಪಿಯಾನಿಸ್ಟ್ 1847ರಲ್ಲೇ ದುಡ್ಡಿಗಾಗಿ ಕಚೇರಿ ಮಾಡೋದು ನಿಲ್ಲಿಸಿದ್ದ, ವೈಮಾರ್‌ನಲ್ಲಿ ಆರ್ಕೆಸ್ಟ್ರಾ ನೋಡ್ಕೊಂಡು ಬರವಣಿಗೆ, ಪಾಠ ಅಂತ ಕೂತಿದ್ದ. ಹಾಗಾಗಿ ಈ ಪೀಸ್‌ನ ಅವನ ಕೈಯಲ್ಲೇ ಕೇಳಿದವರು ಶಿಷ್ಯರು, ಗೆಳೆಯರು, ಅಷ್ಟೇ. 1853ರ ಜೂನ್‌ನಲ್ಲಿ ವೈಮಾರ್‌ಗೆ ಬಂದಿದ್ದ ಬ್ರಾಮ್ಸ್, ಲಿಸ್ಟ್ ಇದನ್ನ ನುಡಿಸ್ತಿರೋವಾಗ ತೂಕಡಿಸಿಬಿಟ್ಟ ಅನ್ನೋ ಕಥೆ ಎಲ್ಲಾ ಕಡೆ ಓಡಾಡುತ್ತೆ. ಅದನ್ನ ಹೇಳಿದ್ದು ಅಲ್ಲೇ ಇದ್ದ ಅಮೆರಿಕದ ಶಿಷ್ಯ ವಿಲಿಯಂ ಮೇಸನ್, ಅದೂ ಹೆಚ್ಚುಕಮ್ಮಿ ಅರ್ಧ ಶತಮಾನ ಕಳೆದ ಮೇಲೆ, ಮತ್ತೆ ತಾನು ಕೂತ ಜಾಗದಿಂದ ಬ್ರಾಮ್ಸ್ ಕಾಣ್ತಿರ್ಲಿಲ್ಲ ಅಂತ ಅವನೇ ಒಪ್ಕೊಂಡಿದ್ದಾನೆ, ಹಾಗಾಗಿ ಸ್ವಲ್ಪ ಉಪ್ಪು ಖಾರ ಬಿದ್ದಿರಬಹುದು.

ಬಹಿರಂಗವಾಗಿ ಇದನ್ನ ಮೊದಲು ನುಡಿಸಿದ್ದು ಲಿಸ್ಟ್ ಶಿಷ್ಯ ಹಾನ್ಸ್ ಫಾನ್ ಬ್ಯೂಲೋ, 1857ರ ಜನವರಿಯಲ್ಲಿ ಬರ್ಲಿನ್‌ನಲ್ಲಿ, ಬೆಖ್‌ಸ್ಟೈನ್ ಕಂಪನಿಯ ಮೊದಲ ಗ್ರ್ಯಾಂಡ್ ಪಿಯಾನೋ ಮೇಲೆ. ಪೇಪರ್‌ನೋರು ಚೆನ್ನಾಗೇ ಉಗಿದ್ರು. 1881ರಲ್ಲೂ ವಿಯೆನ್ನಾದ ವಿಮರ್ಶಕ ಹಾನ್ಸ್ಲಿಕ್ 'ಇದನ್ನ ಕೇಳಿ ಚೆನ್ನಾಗಿದೆ ಅನ್ನೋರಿಗೆ ಯಾರೂ ಸಹಾಯ ಮಾಡಕ್ಕಾಗಲ್ಲ' ಅನ್ನೋ ಅರ್ಥದಲ್ಲಿ ಬರೆದ. ಮೆಚ್ಚಿದವರಲ್ಲಿ ದೊಡ್ಡ ಹೆಸರು ಒಪೆರಾ ರಚನಕಾರ ವಾಗ್ನರ್, 1855ರಲ್ಲಿ ಲಂಡನ್‌ನಲ್ಲಿ ಲಿಸ್ಟ್ ಶಿಷ್ಯ ಕ್ಲಿಂಡ್‌ವರ್ತ್ ಕೈಯಲ್ಲಿ ಕೇಳಿ ಲಿಸ್ಟ್‌ಗೆ ಉದ್ದುದ್ದ ಹೊಗಳಿ ಕಾಗದ ಬರೆದ. ಆದ್ರೆ ಆಗ ಜರ್ಮನ್ ಸಂಗೀತದಲ್ಲಿ ಎರಡು ಪಾರ್ಟಿ, ಒಂದು ಕಡೆ ಲಿಸ್ಟ್-ವಾಗ್ನರ್, ಇನ್ನೊಂದು ಕಡೆ ಕ್ಲಾರಾ-ಬ್ರಾಮ್ಸ್, ಯಾರು ಹೊಗಳ್ತಾರೆ ಯಾರು ಬೈತಾರೆ ಅನ್ನೋದು ಅರ್ಧ ಮೊದಲೇ ಡಿಸೈಡ್ ಆಗಿರ್ತಿತ್ತು.

ಪಾರ್ಟಿ ಜಗಳ ಬಿಟ್ರೂ ಕಿವಿಗೆ ನಿಜವಾದ ಕಷ್ಟ ಒಂದಿತ್ತು. ಸೊನಾಟಾ ಅಂದ್ರೆ ಮೂರೋ ನಾಲ್ಕೋ ಭಾಗ, ಮಧ್ಯೆ ಗ್ಯಾಪ್, ಪ್ರತಿ ಭಾಗಕ್ಕೂ ಅದರದ್ದೇ ರಾಗಗಳು ಅಂತ ಜನಕ್ಕೆ ಅಭ್ಯಾಸ. ಇದು 760 ಬಾರ್ (ನಮ್ಮ ತಾಳದ ಆವರ್ತನದ ಥರದ ಅಳತೆ), ಸುಮಾರು ಅರ್ಧ ಗಂಟೆ, ಎಲ್ಲೂ ನಿಲ್ಲಲ್ಲ, ಮತ್ತೆ ಇಡೀದು ನಿಂತಿರೋದು ಮೊದಲ ಒಂದು ಪುಟದಲ್ಲೇ ಬಂದುಹೋಗೋ ಮೂರು ತುಣುಕುಗಳ ಮೇಲೆ. ಮೊದಲನೇದು ಮೆಲ್ಲಗೆ ಇಳಿಯೋ ಎರಡು ಸ್ಕೇಲ್, ಎರಡನೇದು ಆಕ್ಟೇವ್‌ಗಳಲ್ಲಿ (ಒಂದೇ ಸ್ವರನ ಎರಡು ಸ್ಥಾಯಿಲಿ ಒಟ್ಟಿಗೆ ಒತ್ತಿ) ದಡಕ್ಕನೆ ಹಾರೋ ಥೀಮ್, ಮೂರನೇದು ಕೆಳಗಿನ ಸ್ವರಗಳಲ್ಲಿ ಒಂದೇ ನೋಟ್‌ನ ಸುತ್ತಿಗೆ ಥರ ಬಡಿಯೋ ಥೀಮ್. ನಮ್ಮ ಕಡೆ ಕಿವಿ ಇರೋರಿಗೆ ಆ ಶುರುವಿನ ಸ್ಕೇಲ್‌ಗಳು ಮಜಾ ಕೊಡುತ್ತೆ: 'ಜಿ' ಸ್ವರವನ್ನ ಷಡ್ಜ ಅಂದ್ಕೊಂಡ್ರೆ ಮೊದಲನೇದರ ಅವರೋಹಣ ಹನುಮತೋಡಿಯ ಸ್ವರಗಳು, ಎರಡನೇದು ಸಿಂಹೇಂದ್ರಮಧ್ಯಮದ್ದು. ಗಮಕ ಇಲ್ಲ, ರಾಗಭಾವನೂ ಇಲ್ಲ, ಲಿಸ್ಟ್ ಎರಡನೇದನ್ನ ತಗೊಂಡಿದ್ದು ಹಂಗೇರಿಯ ಜಿಪ್ಸಿ ವಾದ್ಯದವರ ಸ್ಕೇಲ್‌ನಿಂದ, ಆದ್ರೂ ಕಿವಿ ಒಂದ್ಸಲ ನಿಮಿರುತ್ತೆ.

ಅಸಲಿ ಆಟ ಆ ಸುತ್ತಿಗೆ ಥೀಮ್‌ನಲ್ಲಿದೆ. ಶುರುವಲ್ಲಿ ವ್ಯಂಗ್ಯವಾಗಿ ಗುರುಗುಟ್ಟೋ ಅದೇ ನೋಟ್‌ಗಳು 153ನೇ ಬಾರ್‌ಗೆ ಬರೋ ಹೊತ್ತಿಗೆ ನಿಧಾನವಾಗಿ, ಮೇಜರ್‌ನಲ್ಲಿ, ಹಾಡಿನಂಥ ಮಾಧುರ್ಯದಲ್ಲಿ ಬರುತ್ತೆ. ಯಕ್ಷಗಾನದಲ್ಲಿ ರಾತ್ರಿ ರಾಕ್ಷಸ ಆದ ಕಲಾವಿದನೇ ಬೆಳಗಿನ ಜಾವಕ್ಕೆ ಸ್ತ್ರೀವೇಷದಲ್ಲಿ ಬಂದ ಹಾಗೆ, ಗೊತ್ತಿದ್ದೋರಿಗೆ ಮಾತ್ರ ಗುರುತು ಸಿಗುತ್ತೆ. ಒಂದೇ ಸಲ ಕೇಳಿದ ಕ್ಲಾರಾಗೆ ಗೊಂದಲ ಅನಿಸಿದ್ರಲ್ಲಿ ಆಶ್ಚರ್ಯ ಏನಿಲ್ಲ, ಸಂಬಂಧಗಳು ಕಾಣಿಸ್ಬೇಕಂದ್ರೆ ನುಡಿಸೋನು ತೋರಿಸ್ಬೇಕು, ಕೇಳೋನಿಗೂ ಎರಡು ಮೂರು ಸಲ ಬೇಕು. ನನ್ನ ಪ್ರಕಾರ ಈ ಪೀಸ್‌ನ ಹಣೆಬರಹ ಬದಲಾಗಿದ್ದು ವಿಮರ್ಶಕರಿಂದ ಅಲ್ಲ, ಇದನ್ನ ಮತ್ತೆ ಮತ್ತೆ ಪಾಠ ಹೇಳಿದ ಲಿಸ್ಟ್ ಶಿಷ್ಯರಿಂದ, ಆಮೇಲೆ ರೆಕಾರ್ಡ್‌ನಿಂದ.

ಇನ್ನು ಅರ್ಥದ ಜಗಳ. ತನ್ನ ಸಿಂಫೋನಿಕ್ ಪೋಯಮ್‌ಗಳಿಗೆಲ್ಲಾ (ಕಥೆನೋ ಕವಿತೆನೋ ಇಟ್ಕೊಂಡು ಬರೆದ ಆರ್ಕೆಸ್ಟ್ರಾ ಕೃತಿಗಳು) ಹೆಸರು, ಎಷ್ಟೋ ಕಡೆ ಮುನ್ನುಡಿನೂ ಕೊಡ್ತಿದ್ದ ಲಿಸ್ಟ್ ಇದಕ್ಕೆ ಮಾತ್ರ ಬರೀ 'ಸೊನಾಟಾ' ಅಂತ ಬರೆದು ಸುಮ್ಮನಾದ. ಖಾಲಿ ಬಿಟ್ಟ ಜಾಗ ಅಲ್ವಾ, ತುಂಬೋರು ಸಾಲಾಗಿ ಬಂದ್ರು: ಗಯಟೆಯ ನಾಟಕದ ಫೌಸ್ಟ್, ಅವನ ಸೈತಾನ ಮೆಫಿಸ್ಟೋ, ಪ್ರೇಯಸಿ ಗ್ರೆಚೆನ್ ಕಥೆ ಅಂದ್ರು, ಏದನ್ ತೋಟದ ಕಥೆ ಅಂದ್ರು, ಲಿಸ್ಟ್‌ನ ಆತ್ಮಕಥೆನೇ ಅಂದ್ರು. ಲಿಸ್ಟ್ ಶಿಷ್ಯ ಮಾರ್ಟಿನ್ ಕ್ರೌಸೆ ಹತ್ರ ಕಲಿತ ಪಿಯಾನಿಸ್ಟ್ ಕ್ಲಾಡಿಯೋ ಅರ್ರಾವ್, ಆ ವಲಯದಲ್ಲಿ ಫೌಸ್ಟ್ ಅನ್ನೋದು ಎಲ್ಲರೂ ಒಪ್ಪಿದ್ದ ಮಾತು ಅಂತ ಹೇಳ್ತಿದ್ರು, ಮತ್ತೆ 1854ರಲ್ಲೇ ಲಿಸ್ಟ್ ಫೌಸ್ಟ್ ಸಿಂಫನಿ ಬರೆದಿದ್ದೂ ನಿಜ.

ಇದಕ್ಕೆ ಸಮನಾಗಿ ರಚನೆ ಬಗ್ಗೆ ಇನ್ನೊಂದು ವಾದ: ಇದು ಒಂದೇ ದೊಡ್ಡ ಭಾಗನಾ, ಇಲ್ಲ ನಾಲ್ಕು ಭಾಗನ ಒಂದರೊಳಗೆ ಮಡಿಸಿದ್ದಾ? ಎರಡೂ ಒಟ್ಟಿಗೆ ಅನ್ನೋದು ಇಪ್ಪತ್ತನೇ ಶತಮಾನದ ಉತ್ತರ. ಓದಕ್ಕೆ ಇದು ಪಂಡಿತರ ಕೂದಲು ಸೀಳೋ ಕೆಲಸ ಅನಿಸುತ್ತೆ, ಆದ್ರೆ ಕೀಬೋರ್ಡ್ ಮುಂದೆ ಕೂತ್ರೆ ಹಾಗಲ್ಲ. 460ನೇ ಬಾರ್ ಹತ್ರ ಬರೋ ಫ್ಯೂಗ್ (ಒಂದೇ ಥೀಮ್‌ನ ಒಂದರ ಹಿಂದೆ ಒಂದು ದನಿ ಎತ್ಕೊಳ್ಳೋ ಭಾಗ), ಮೂಲ ಶ್ರುತಿಗಿಂತ ಅರ್ಧ ಸ್ವರ ಕೆಳಗೆ, ಬಿ ಫ್ಲಾಟ್ ಮೈನರ್‌ನಲ್ಲಿ ಶುರುವಾಗುತ್ತೆ. ಅದನ್ನ ಹೊಸ ಭಾಗ ಅಂದ್ಕೊಂಡ್ರೆ ಒಣಗಿದ ಸ್ಪರ್ಶದಲ್ಲಿ, ಚುಚ್ಚೋ ಹಾಗೆ ಫ್ರೆಶ್ ಆಗಿ ಶುರು ಮಾಡ್ತೀರಿ. ಹಳೇ ಥೀಮ್‌ಗಳು ಮನೆಗೆ ವಾಪಸ್ ಬರ್ತಿರೋದು, ಬಾಗಿಲು ಮಾತ್ರ ತಪ್ಪಿದೆ ಅಂದ್ಕೊಂಡ್ರೆ 533ರಲ್ಲಿ ಬಿ ಮೈನರ್ ಸಿಗೋ ತನಕ ಟೆನ್ಷನ್ ಕಟ್ಕೊಂಡು ಹೋಗ್ತೀರಿ.

ಕಲಿಯೋರು ಹೆದರೋದು ಕೊನೆಯ ಪ್ರೆಸ್ಟಿಸ್ಸಿಮೋ, ಅಂದ್ರೆ ಅತಿ ವೇಗದ, ಆಕ್ಟೇವ್‌ಗಳಿಗೆ. ಕಷ್ಟನೇ, ಇಪ್ಪತ್ತೈದು ನಿಮಿಷ ನುಡಿಸಿ ಕೈ ಸೋತಿರೋವಾಗ ಬರುತ್ತೆ, ಮತ್ತೆ ಈಗಿನ ಕಾನ್ಸರ್ಟ್ ಪಿಯಾನೋ ಕೀಗಳು ಲಿಸ್ಟ್ ಕಾಲದವಕ್ಕಿಂತ ಭಾರ. ಆದ್ರೆ ಅದು ಸ್ನಾಯುಗಳ ಕೆಲಸ, ತಿಂಗಳುಗಟ್ಟಲೆ ನಿಧಾನಕ್ಕೆ ಸಾಧನೆ ಮಾಡಿದ್ರೆ ಬರುತ್ತೆ. ಶುರುವಿನ ಬಾರ್‌ಗಳಲ್ಲಿರೋ ಮೌನ ಇದೆಯಲ್ಲ, ಅದನ್ನ ಪೂರ್ತಿ ಎಣಿಸಿ ಕಾಯೋದು ಇನ್ನೂ ಕಷ್ಟ, ಎಷ್ಟೋ ಜನ ಅಲ್ಲೇ ಅವಸರ ಮಾಡ್ತಾರೆ. ಇನ್ನೊಂದು ತಮಾಷೆ, ಲಿಸ್ಟ್ ಮೊದಲು ಬರೆದಿದ್ದ ಕೊನೆನೂ ಜೋರು ಸದ್ದಿನದೇ. ಹಸ್ತಪ್ರತಿ ನ್ಯೂಯಾರ್ಕ್‌ನ ಮಾರ್ಗನ್ ಲೈಬ್ರರಿಯಲ್ಲಿದೆ, ಅದರಲ್ಲಿ ಆ ಗಟ್ಟಿ ಮುಕ್ತಾಯನ ಹೊಡೆದುಹಾಕಿ ಈಗಿನ ಮೆಲ್ಲನೆಯ ಕೊನೆ ಬರೆದಿರೋದು ಕಾಣುತ್ತೆ. 'ಗದ್ದಲ' ಅಂತ ಬೈದೋರು ಆ ಕೊನೇ ಪುಟ ಗಮನಿಸಿದ್ರೋ ಇಲ್ವೋ!

ರೆಕಾರ್ಡಿಂಗ್‌ಗೆ ಬಂದ್ರೆ 1932ರ ಪಿಯಾನಿಸ್ಟ್ ಹೊರೊವಿಟ್ಜ್‌ದು ಬಹಳ ಜನಕ್ಕೆ ಇವತ್ತಿಗೂ ಅಳತೆಗೋಲು. ಆಮೇಲೆ ಬಂದವರಲ್ಲಿ ಮಾರ್ತಾ ಅರ್ಗೆರಿಚ್ ಸುಮಾರು 26 ನಿಮಿಷದಲ್ಲಿ ಬೆಂಕಿ ಹಚ್ಚಿ ಮುಗಿಸ್ತಾರೆ, ಅರ್ರಾವ್ 30 ನಿಮಿಷ ದಾಟಿಸಿ ಪ್ರತಿ ನೋಟ್‌ಗೂ ಲೆಕ್ಕ ಕೊಡ್ತಾರೆ. ನನ್ನ ವೋಟು ಅರ್ರಾವ್‌ಗೆ, ಫೌಸ್ಟ್ ಕಥೆ ನಂಬಿ ಅಲ್ಲ, ಸುತ್ತಿಗೆ ಥೀಮ್ ಹಾಡಾಗೋ ಜಾಗದಲ್ಲಿ ಎರಡೂ ಒಂದೇ ಅಂತ ಹೇಳಿಕೊಡದೇ ಗೊತ್ತಾಗೋ ಹಾಗೆ ಅವರು ನುಡಿಸ್ತಾರೆ ಅಂತ. ಮೊದಲ ಸಲ ಕೇಳೋರು ಮಾತ್ರ ಅರ್ಗೆರಿಚ್‌ದೇ ಹಾಕ್ಕೊಳ್ಳಿ, ಇಲ್ಲಾಂದ್ರೆ ಬ್ರಾಮ್ಸ್ ಕಥೆ ರಿಪೀಟ್ ಆಗಬಹುದು.